ಗೃಹಗಣಕದ ಯೋಗಕ್ಷೇಮ

ಇಲ್ಲದುದನ್ನು ಸಂಪಾದಿಸುವುದಕ್ಕೆ ಯೋಗವೆಂದೂ, ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದಕ್ಕೆ ಕ್ಷೇಮವೆಂದೂ ಶಾಸ್ತ್ರಕಾರರು ಹೆಸರಿಟ್ಟಿರುವರು. ಇವೆರಡನ್ನೂ ಕೂಡಿಸಿದ ಯೋಗಕ್ಷೇಮವೆಂಬ ಪದವನ್ನು ನಾವು ಕಾಗದಪತ್ರಗಳಲ್ಲಿ ಬರೆಯುತ್ತ ಬಂದಿದ್ದೇವೆ. ಆದರೆ ಸಂಸಾರದಲ್ಲಿ ಮೊದಲನೆಯದಕ್ಕೆ ಇರುವ ಉತ್ಸಾಹವು ಎರಡನೆಯದಕ್ಕೆ ಇರುವುದಿಲ್ಲ. ಮನೆಗೆ ಗಣಕಯಂತ್ರವು ಬಂದ ದಿನ ಹಬ್ಬದಂತಿರುತ್ತದೆ. ಅದರಲ್ಲಿ ಕೂಡಿಡುವ ಬರಹಗಳೂ ಭಾವಚಿತ್ರಗಳೂ ಒಂದು ದಿನ ಯಂತ್ರದೊಡನೆಯೇ ಹೋಗಿಬಿಟ್ಟರೆ ಏನು ಗತಿಯೆಂದು ಆಗ ಯಾರೂ ಕೇಳುವುದಿಲ್ಲ.

ಹಿಂದೆ ಗೃಹಸ್ಥನ ಮುಖ್ಯವಾದ ಕಾಗದಗಳೆಲ್ಲವೂ ಒಂದು ಮರದ ಪೆಟ್ಟಿಗೆಯಲ್ಲಿದ್ದವು: ಜಾಗದ ದಸ್ತಾವೇಜು, ತೀರ್ವೆಯ ರಶೀದಿ, ಮಕ್ಕಳ ಜಾತಕ, ಮದುವೆಯ ಪಟ. ಇಂದು ಅವುಗಳ ಪ್ರತಿಗಳೂ, ಅವುಗಳಿಗಿಂತ ಎಷ್ಟೋ ಹೆಚ್ಚಿನ ವಿಷಯವೂ ಗಣಕದ ಡಿಸ್ಕಿನಲ್ಲಿ ಇರುತ್ತವೆ. ಡಿಸ್ಕಾದರೋ ಒಂದಲ್ಲ ಒಂದು ದಿನ ಕೆಡತಕ್ಕ ವಸ್ತು. ಅದನ್ನು ತಪ್ಪಿಸಲಾಗದು, ಆದರೆ ಅದು ಕೆಟ್ಟ ದಿನ ಮನೆಯವರು ಏನನ್ನೂ ಕಳೆದುಕೊಳ್ಳದಂತೆ ಏರ್ಪಡಿಸಿಕೊಳ್ಳಬಹುದು. ಮನೆಯೊಳಗಿನ ಜಾಲದ ಮೂಲಕ ಒಂದು ಗಣಕದ ವಿಷಯವನ್ನು ಇನ್ನೊಂದರಲ್ಲಿ ತಾನಾಗಿ ನಕಲು ಮಾಡಿಡುವ ಈ ಏರ್ಪಾಡಿಗೆ ಬ್ಯಾಕಪ್ಪು ಎಂದು ಹೆಸರು. ಅದನ್ನು ಹೇಗೆ ಮಾಡಬೇಕೆಂಬುದನ್ನೂ, ಮಾಡಿದ ಮೇಲೆ ಯಾವುದನ್ನು ಮರೆಯಬಾರದೆಂಬುದನ್ನೂ ಇಲ್ಲಿ ಹೇಳುವೆವು.

ಪ್ರತಿಯ ಮಹಿಮೆ

ಯಂತ್ರದ ವಿಷಯಕ್ಕೆ ಹೋಗುವ ಮೊದಲು ನಾವು ವಾಸವಾಗಿರುವ ಬಸ್ರೂರಿನ ಒಂದು ಸಂಗತಿಯನ್ನು ಹೇಳಬೇಕಾಗಿದೆ. ವಾರಾಹಿಯ ದಡದ ಈ ಊರು ಒಂದು ಕಾಲಕ್ಕೆ ಪಶ್ಚಿಮ ಕರಾವಳಿಯ ಹೆಸರಾಂತ ರೇವುಪಟ್ಟಣ. ಪೋರ್ಚುಗೀಸರು ಇದನ್ನು ಬಾರ್ಸೆಲೋರ್ ಎಂದು ಕರೆದರು. ಇಲ್ಲಿಯ ಅಕ್ಕಿಯು ಗೋವೆಗೂ ಪಾರಸೀಕ ಕೊಲ್ಲಿಯ ಹೋರ್ಮುಜಿಗೂ ಹೋಗುತ್ತಿತ್ತು. ೧೬೬೫ನೆಯ ಫೆಬ್ರವರಿಯಲ್ಲಿ ಶಿವಾಜಿಯು ನೌಕಾಪಡೆಯೊಡನೆ ಬಂದು ಇದನ್ನು ಸೂರೆಮಾಡುವಷ್ಟು ಸಂಪತ್ತು ಇಲ್ಲಿತ್ತು. ಮೂಡುಕೇರಿ, ಪಡುಕೇರಿ, ಮಂಡಿಕೇರಿ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಆದರೆ ಆ ಕೇರಿಗಳಲ್ಲಿ ಕುಳಿತು ವ್ಯಾಪಾರ ಮಾಡಿದ ಸೆಟ್ಟಿಗಳ ಲೆಕ್ಕ ಎಲ್ಲಿದೆ? ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಕಪ್ಪನ್ನೂ ಬಳಿದು, ಬಳಪದಿಂದ ಬರೆದು ಮಡಿಸಿಡುತ್ತಿದ್ದ ಕಡತಗಳು ಅಂದಿನ ಲೆಕ್ಕಪುಸ್ತಕಗಳು. ಆ ಕಾಲದ ವರ್ತಕನೊಬ್ಬನ ಕಡತವು ಈ ಊರಿನಲ್ಲಿ ನಮ್ಮ ಕಣ್ಣಿಗೆ ಬಿದ್ದುದಿಲ್ಲ.

ಹಾಗಾದರೆ ಬಸ್ರೂರಿನ ವ್ಯಾಪಾರದ ಚರಿತ್ರೆಯು ನಮಗೆ ತಿಳಿದುದು ಹೇಗೆ? ಊರಿನೊಳಗೆ ಶಿಲಾಶಾಸನಗಳಿವೆ, ಊರಿನ ಹೊರಗೆ ಗೋವೆಯ ಮತ್ತು ಲಿಸ್ಬನ್ನಿನ ದಫ್ತರಗಳಲ್ಲಿ ಪೋರ್ಚುಗೀಸರು ಬರೆದಿಟ್ಟ ಕಾಗದಗಳಿವೆ. ಇತಿಹಾಸಕಾರರಾದ ಸಂಜಯ ಸುಬ್ರಹ್ಮಣ್ಯಂ ಅವರು ೧೬೦೦ರಿಂದ ೧೬೫೦ರ ವರೆಗಿನ ಬಸ್ರೂರಿನ ಅಕ್ಕಿವ್ಯಾಪಾರವನ್ನು ಕುರಿತು ೧೯೮೪ರಲ್ಲಿ ಪ್ರಬಂಧವನ್ನು ಪ್ರಕಟಿಸಿದಾಗ ಮುಖ್ಯ ಆಧಾರವಾದುವು ಆ ಪೋರ್ಚುಗೀಸ್ ಕಾಗದಗಳೇ. ಊರಿನ ಲೆಕ್ಕವು ಊರಿನಲ್ಲಿ ಅಳಿಯಿತು. ಸಮುದ್ರದಾಚೆ ಇದ್ದ ಬರಹವು ಉಳಿಯಿತು.

ಅದು ಉಳಿದ ಬಗೆಯೂ ತಿಳಿಯತಕ್ಕುದೇ. ಗೋವೆಗೂ ಲಿಸ್ಬನ್ನಿಗೂ ನಡುವೆ ಹೋಗುತ್ತಿದ್ದ ಸರಕಾರೀ ಪತ್ರಗಳನ್ನು ಒಂದೇ ಪ್ರತಿಯಾಗಿ ಕಳುಹಿಸುತ್ತಿರಲಿಲ್ಲ. ಎರಡು ಮೂರು ಪ್ರತಿಗಳನ್ನು ಬರೆದು, ಮೊದಲನೆಯ ದಾರಿ, ಎರಡನೆಯ ದಾರಿ ಎಂದು ತಲೆಯ ಮೇಲೆ ಗುರುತಿಟ್ಟು, ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸುತ್ತಿದ್ದರು. ಒಂದು ಹಡಗು ಮುಳುಗಿದರೂ ಇನ್ನೊಂದು ಮುಟ್ಟುತ್ತಿತ್ತು. ೧೭೫೫ರ ಮಹಾಭೂಕಂಪದಲ್ಲಿ ಲಿಸ್ಬನ್ನಿನ ಭಾರತ ವ್ಯಾಪಾರದ ಕಚೇರಿಯೂ ಅದರ ದಫ್ತರವೂ ನಾಶವಾದವು. ಅಷ್ಟಾದರೂ ಕಥೆಯು ಪೂರ್ತಿಯಾಗಿ ಅಳಿಯಲಿಲ್ಲ. ಅದೇ ನಗರದ ರಾಜದಫ್ತರದ ಗೋಪುರವು ಉರುಳಿದರೂ ಕಾಗದಗಳನ್ನು ಹೆಕ್ಕಿ ಉಳಿಸಿಕೊಂಡರು, ಗೋವೆಯ ಸಂಗ್ರಹವಂತೂ ಇದ್ದೇ ಇತ್ತು.

ಕನ್ನಡ ಸಾಹಿತ್ಯದಲ್ಲಿಯೂ ಇದಕ್ಕೆ ನಿದರ್ಶನವುಂಟು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ಕಾವ್ಯವು ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯವಾದರೋ ಹೆಸರು ಮಾತ್ರ ಉಳಿದು ಮರೆಯಾಗಿದೆ. ಕವಿ ಒಬ್ಬನೇ, ಓಲೆಗರಿ ಒಂದೇ, ಗೆದ್ದಲೂ ಒಂದೇ. ಆದರೆ ಒಂದು ಕೃತಿಗೆ ಅತ್ತಿಮಬ್ಬೆಯು ದೊರೆತಳು, ಇನ್ನೊಂದಕ್ಕೆ ದೊರೆಯಲಿಲ್ಲ.

ಇವುಗಳಿಂದ ಮೂರು ಸೂತ್ರಗಳು ಸಿದ್ಧವಾಗುತ್ತವೆ. ಪ್ರತಿಗಳು ಒಂದಕ್ಕಿಂತ ಹೆಚ್ಚು ಇರಬೇಕು. ಅವು ಬೇರೆ ಬೇರೆ ಸ್ಥಳಗಳಲ್ಲಿರಬೇಕು. ಬೇಕಾದಾಗ ಅವನ್ನು ಓದಲು ಬರಬೇಕು. ಗಣಕಶಾಸ್ತ್ರಜ್ಞರೂ ಇದನ್ನೇ ಮೂರು–ಎರಡು–ಒಂದು ಎಂಬ ನಿಯಮವಾಗಿ ಹೇಳುವರು: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಪ್ರತಿ ಮನೆಯಿಂದ ಹೊರಗೆ.

ಪದಗಳ ಅರ್ಥ

ಮನೆಯಲ್ಲಿ ಎರಡು ಮೂರು ಗಣಕಗಳು ರೂಟರೆಂಬ ಸಣ್ಣ ಪೆಟ್ಟಿಗೆಗೆ ತಂತಿಯಿಂದಲೋ ವೈಫೈಯಿಂದಲೋ ಸೇರಿದ್ದರೆ ಅದೇ ಮನೆಯ ಜಾಲ. ಅದರಲ್ಲಿ ನಕಲನ್ನು ಇಟ್ಟುಕೊಳ್ಳುವ ಯಂತ್ರವು ಸರ್ವರು. ನಕಲನ್ನು ಕಳುಹಿಸುವ, ಬೇಕಾದಾಗ ಮರಳಿ ಕೇಳುವ ಯಂತ್ರವು ಕ್ಲಯಂಟು. ನಮ್ಮ ಜಿಲ್ಲೆಯವರಿಗೆ ಕೋರ್ಟಿನ ಪರಿಚಯವಿರುವುದರಿಂದ ಹೀಗೆ ತಿಳಿಯಬಹುದು: ವಕೀಲರಲ್ಲಿ ದಸ್ತಾವೇಜುಗಳನ್ನು ಒಪ್ಪಿಸಿಟ್ಟು, ಬೇಕಾದಾಗ ಹೋಗಿ ಕೇಳುವ ಕಕ್ಷಿಗಾರನೇ ಕ್ಲಯಂಟು. ಚಾವಡಿಯಲ್ಲಿ ದಿನವೂ ಬಳಸುವ ಗಣಕವು ಕ್ಲಯಂಟು. ಉಪ್ಪರಿಗೆಯ ಕೋಣೆಯಲ್ಲಿಟ್ಟ ಹಳೆಯ ಗಣಕವಾಗಲಿ, ಇದಕ್ಕೆಂದೇ ಮಾರುವ, ಜಾಲಕ್ಕೆ ಜೋಡಿಸತಕ್ಕ ಡಿಸ್ಕಿನ ಪೆಟ್ಟಿಗೆಯಾಗಲಿ ಸರ್ವರು ಆಗಬಹುದು.

ಒಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡರೆ ಸಾಲದೇ ಎಂದು ಕೆಲವರು ಕೇಳುವರು. ಮಾಡಿಕೊಂಡರೆ ಒಳ್ಳೆಯದೇ, ಮಾಡಿಕೊಳ್ಳುವವರು ವಿರಳ. ಮೊದಲ ವಾರ ಮಾಡುತ್ತೇವೆ, ಎರಡನೆಯ ವಾರ ಮರೆಯುತ್ತೇವೆ, ಮೂರನೆಯ ವಾರ ಪೆನ್‌ಡ್ರೈವೇ ಸಿಕ್ಕುವುದಿಲ್ಲ. ಜಾಲದ ಏರ್ಪಾಡಿನ ಗುಣವೆಂದರೆ ಅದು ಮನುಷ್ಯನ ನೆನಪನ್ನು ಅವಲಂಬಿಸಿರುವುದಿಲ್ಲ.

ಯಾವುದನ್ನು ಉಳಿಸಬೇಕು

ಎಲ್ಲವನ್ನೂ ನಕಲು ಮಾಡಬೇಕಾದುದಿಲ್ಲ. ತಂತ್ರಾಂಶಗಳನ್ನು ಮತ್ತೆ ಹಾಕಿಕೊಳ್ಳಬಹುದು. ಪಹಣಿಯನ್ನು ಭೂಮಿ ಯೋಜನೆಯ ದಾಖಲೆಯಿಂದಲೂ, ನೋಂದಾಯಿಸಿದ ದಸ್ತಾವೇಜಿನ ದೃಢೀಕೃತ ನಕಲನ್ನು ಸಬ್‌ರಿಜಿಸ್ಟ್ರಾರರ ಕಚೇರಿಯಿಂದಲೂ ಮರಳಿ ಪಡೆಯಬಹುದು. ಆದರೆ ಮೊಬೈಲಿನಲ್ಲಿ ಹಿಡಿದಿಟ್ಟ ಅಜ್ಜಿಯ ಶೋಭಾನೆ ಹಾಡಿನ ಧ್ವನಿಯನ್ನು ಯಾವ ಕಚೇರಿಯೂ ಮರಳಿ ಕೊಡಲಾರದು. ಮಗನ ಪ್ರಬಂಧದ ಕರಡು, ಮನೆಯ ಲೆಕ್ಕ, ವಂಶಾವಳಿ, ಬೇರೆಲ್ಲಿಯೂ ಇಲ್ಲದ ಭಾವಚಿತ್ರ, ಇವು ಮೊದಲ ಪಂಕ್ತಿಗೆ ಸೇರತಕ್ಕವು. ಇನ್ನೊಂದು ಕಡೆಯಿಂದ ಮರಳಿ ದೊರೆಯುವುದೇ ಎಂಬ ಒಂದೇ ಪ್ರಶ್ನೆಯನ್ನು ಹಾಕಿಕೊಂಡರೆ ಆಯ್ಕೆಯು ಸುಲಭವಾಗುತ್ತದೆ. ಮೊಬೈಲಿನೊಳಗಿನವನ್ನು ಆಗಾಗ ಗಣಕಕ್ಕೆ ಇಳಿಸಿದರೆ ಅವೂ ಈ ರಕ್ಷಣೆಯೊಳಗೆ ಬರುವುವು.

ಕನ್ನಡಿಗರು ಗಮನಿಸಬೇಕಾದ ಒಂದು ವಿಶೇಷವಿದೆ. ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಎಷ್ಟೋ ಫೈಲುಗಳು ಯೂನಿಕೋಡಿನಲ್ಲಿ ಇಲ್ಲ; ಆಯಾ ಅಕ್ಷರಮಾಲೆಯ ಫಾಂಟು ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುವುವು, ಇಲ್ಲವಾದರೆ ಅರ್ಥವಿಲ್ಲದ ರೋಮನ್ ಗುರುತುಗಳಾಗಿ ತೋರುವುವು. ಆದಕಾರಣ ಅಂಥ ಫೈಲುಗಳೊಡನೆ ಆ ಫಾಂಟುಗಳನ್ನೂ ನಕಲಿನಲ್ಲಿ ಸೇರಿಸತಕ್ಕದ್ದು. ಪುರಸೊತ್ತು ದೊರೆತಾಗ ಪರಿವರ್ತಕದ ಮೂಲಕ ಅವನ್ನು ಯೂನಿಕೋಡಿಗೆ ಮಾರ್ಪಡಿಸಿಟ್ಟರೆ ಮಕ್ಕಳಿಗೆ ಮಹದುಪಕಾರವಾಗುವುದು. ಓದಲು ಬಾರದ ಪ್ರತಿಯು ಇದ್ದೂ ಇಲ್ಲದಂತೆಯೇ.

ಏರ್ಪಾಡಿನ ಕ್ರಮ

ಮೊದಲು ಸರ್ವರನ್ನು ಸಿದ್ಧಪಡಿಸಬೇಕು. ರೂಟರು ತನಗೆ ಸೇರಿದ ಯಂತ್ರಗಳಿಗೆ ಒಂದೊಂದು ಅಂಕೆಯ ವಿಳಾಸವನ್ನು ಕೊಡುತ್ತದೆ. ಈ ವಿಳಾಸವು ಬದಲಾಗುತ್ತಿದ್ದರೆ ಕ್ಲಯಂಟಿಗೆ ಮನೆ ಸಿಕ್ಕದ ಅಂಚೆಯವನ ಪಾಡಾಗುವುದು. ಆದುದರಿಂದ ರೂಟರಿನಲ್ಲಿ ಸರ್ವರಿಗೆ ಒಂದು ವಿಳಾಸವನ್ನು ಕಾಯಮಾಗಿ ಕಾದಿರಿಸಬೇಕು. ಸರ್ವರಿನಲ್ಲಿ ನಕಲಿಗೆಂದೇ ಒಂದು ಫೋಲ್ಡರನ್ನು ಮಾಡಿ, ಪ್ರತಿಯೊಂದು ಕ್ಲಯಂಟಿಗೂ ಪ್ರತ್ಯೇಕವಾದ ಹೆಸರನ್ನೂ ಪಾಸ್‌ವರ್ಡನ್ನೂ ಕೊಟ್ಟು, ಒಬ್ಬರ ಫೋಲ್ಡರಿಗೆ ಇನ್ನೊಬ್ಬರು ಕೈಹಾಕದಂತೆ ಕಟ್ಟುಮಾಡಬೇಕು. ಆ ಡಿಸ್ಕು ಕ್ಲಯಂಟಿನ ವಿಷಯದ ಎರಡರಷ್ಟಾದರೂ ದೊಡ್ಡದಿರಲಿ. ಏಕೆಂದರೆ ಹಳೆಯ ಆವೃತ್ತಿಗಳೂ ಅಲ್ಲಿ ಉಳಿಯಬೇಕಾಗಿದೆ.

ಅನಂತರ ಕ್ಲಯಂಟಿನ ಕೆಲಸ. ಇದಕ್ಕೆ ಹಣ ಕೊಟ್ಟು ತಂತ್ರಾಂಶವನ್ನು ಕೊಳ್ಳಬೇಕೆಂಬ ನಿಯಮವಿಲ್ಲ. ವಿಂಡೋಸಿನಲ್ಲಿ ೨೦೧೨ರ ಎಂಟನೆಯ ಆವೃತ್ತಿಯಿಂದ ಫೈಲ್ ಹಿಸ್ಟರಿ ಎಂಬ ಸೌಕರ್ಯವಿದೆ. ಕಂಟ್ರೋಲ್ ಪ್ಯಾನೆಲಿನಲ್ಲಿ ಅದನ್ನು ತೆರೆದು, ಜಾಲದಲ್ಲಿರುವ ಸರ್ವರಿನ ಫೋಲ್ಡರನ್ನು ತೋರಿಸಿ, ಹೆಸರು ಪಾಸ್‌ವರ್ಡುಗಳನ್ನು ಕೊಟ್ಟರೆ ಅದು ಗಂಟೆಗೊಮ್ಮೆ ಬದಲಾದ ಫೈಲುಗಳನ್ನು ಕಳುಹಿಸುತ್ತದೆ. ಆಪಲ್ ಗಣಕಗಳಲ್ಲಿ ೨೦೦೭ರಿಂದ ಟೈಮ್ ಮೆಷೀನು ಇದೆ. ಅದು ಕಳೆದ ಒಂದು ದಿನದ ಗಂಟೆಗಂಟೆಯ ಪ್ರತಿಗಳನ್ನೂ, ಒಂದು ತಿಂಗಳ ದಿನದಿನದ ಪ್ರತಿಗಳನ್ನೂ, ಅದಕ್ಕೂ ಹಿಂದಿನ ವಾರವಾರದ ಪ್ರತಿಗಳನ್ನೂ ಡಿಸ್ಕಿನಲ್ಲಿ ಸ್ಥಳವಿರುವ ತನಕ ಕಾಪಾಡುತ್ತದೆ. ಲಿನಕ್ಸನ್ನು ಬಳಸುವವರು ೧೯೯೬ರಲ್ಲಿ ಹೊರಬಂದ ಆರ್‌ಸಿಂಕ್ ಎಂಬುದನ್ನು ನೆಚ್ಚುವರು. ಒಂದು ದೊಡ್ಡ ಫೈಲಿನಲ್ಲಿ ಎರಡು ಸಾಲು ಬದಲಾಗಿದ್ದರೆ ಅದು ಇಡೀ ಫೈಲನ್ನು ಕಳುಹಿಸದೆ, ತುಂಡುತುಂಡಾಗಿ ಹೋಲಿಸಿ, ಬದಲಾದ ತುಂಡನ್ನು ಮಾತ್ರ ಜಾಲದಲ್ಲಿ ಸಾಗಿಸುತ್ತದೆ.

ಮೊದಲ ಸಲದ ನಕಲನ್ನು ತಂತಿಯ ಮೂಲಕವೇ ಮಾಡುವುದು ಲೇಸು. ೨೦೦ ಗಿಗಾಬೈಟು ವಿಷಯವಿದ್ದು, ತಂತಿಯು ಸೆಕೆಂಡಿಗೆ ೧೦೦ ಮೆಗಾಬಿಟ್ಟಿನ ವೇಗದ್ದಾದರೆ, ಎಂಟು ಬಿಟ್ಟಿಗೆ ಒಂದು ಬೈಟಿನಂತೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟು ಸಾಗುವುದು. ಒಟ್ಟು ೧೬,೦೦೦ ಸೆಕೆಂಡು, ಅಂದರೆ ಸುಮಾರು ನಾಲ್ಕೂವರೆ ಗಂಟೆ. ವ್ಯವಹಾರದಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಹಿಡಿಯುವುದು. ರಾತ್ರಿ ಊಟದ ಮೇಲೆ ಆರಂಭಿಸಿದರೆ ಬೆಳಗಾಗುವುದರೊಳಗೆ ಮುಗಿಯುತ್ತದೆ. ಆ ಮೇಲೆ ದಿನದಿನದ ಬದಲಾವಣೆಗೆ ಕೆಲವೇ ನಿಮಿಷಗಳು ಸಾಕು, ಅದಕ್ಕೆ ವೈಫೈಯೂ ಸಾಲುವುದು. ಮಡಿಸಿಟ್ಟ ಲ್ಯಾಪ್‌ಟಾಪು ನಿದ್ದೆಹೋಗಿರುವುದರಿಂದ ನಿಗದಿಯಾದ ಹೊತ್ತು ತಪ್ಪಬಹುದು. ತಪ್ಪಿದ ಕೆಲಸವನ್ನು ಎಚ್ಚರವಾದೊಡನೆ ಮಾಡುವಂತೆ ತಂತ್ರಾಂಶದಲ್ಲಿ ಹೇಳಿಟ್ಟಿರಬೇಕು.

ಎರಡು ಭ್ರಾಂತಿಗಳು

ಗೂಗಲ್ ಡ್ರೈವು ಮೊದಲಾದವುಗಳಲ್ಲಿ ಫೋಲ್ಡರು ತಾನಾಗಿ ಸರಿಹೊಂದುತ್ತಿರುವುದರಿಂದ ಬೇರೆ ಬ್ಯಾಕಪ್ಪು ಬೇಡವೆಂಬುದು ಮೊದಲನೆಯ ಭ್ರಾಂತಿ. ಸರಿಹೊಂದಿಕೆಯು ಕನ್ನಡಿಯಿದ್ದಂತೆ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಇಲ್ಲಿ ಕೆಟ್ಟರೆ ಕೆಟ್ಟುದೇ ಅಲ್ಲಿಗೂ ಹೋಗುತ್ತದೆ. ಅಳಿಸಿದುದು ಕೆಲವು ದಿನ ಕಸದ ಬುಟ್ಟಿಯಲ್ಲಿ ಉಳಿದರೂ ಅವಧಿ ಮುಗಿದ ಮೇಲೆ ಇಲ್ಲವಾಗುವುದು. ಬ್ಯಾಕಪ್ಪಿನ ಲಕ್ಷಣವಾದರೋ ನಿನ್ನೆಯ, ಕಳೆದ ವಾರದ, ಕಳೆದ ತಿಂಗಳ ರೂಪವನ್ನು ಕೇಳಿದಾಗ ಕೊಡುವುದು.

ನಕಲು ಜಾಲದಲ್ಲಿದ್ದ ಮೇಲೆ ಭಯವಿಲ್ಲವೆಂಬುದು ಎರಡನೆಯದು. ೨೦೧೭ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಸುಮಾರು ೧೫೦ ದೇಶಗಳ ಗಣಕಗಳಿಗೆ ಹರಡಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಥವು ಗಣಕದ ಡಿಸ್ಕನ್ನಷ್ಟೇ ಅಲ್ಲ, ಆ ಗಣಕಕ್ಕೆ ಬರೆಯಲು ಅಧಿಕಾರವಿರುವ ಜಾಲದ ಫೋಲ್ಡರುಗಳನ್ನೂ ಮುಟ್ಟುವುವು. ಆದಕಾರಣ ಬ್ಯಾಕಪ್ಪಿನ ಹೆಸರು ಪಾಸ್‌ವರ್ಡುಗಳನ್ನು ಆ ತಂತ್ರಾಂಶವೊಂದೇ ಬಳಸಲಿ. ಸರ್ವರಿನ ಫೋಲ್ಡರನ್ನು ಚಾವಡಿಯ ಗಣಕದಲ್ಲಿ ಸದಾ ತೆರೆದಿಡುವುದು ಬೇಡ. ಸರ್ವರೇ ತನ್ನೊಳಗೆ, ಕ್ಲಯಂಟು ಅಳಿಸಲಾಗದಂತೆ, ಆಗಾಗ ಸ್ಥಿತಿಚಿತ್ರವನ್ನು ತೆಗೆದಿಟ್ಟುಕೊಳ್ಳುವ ಸೌಕರ್ಯವಿದ್ದರೆ ಅದನ್ನು ಚಾಲೂ ಮಾಡಬೇಕು. ತಿಂಗಳಿಗೊಮ್ಮೆ ಬೇರೊಂದು ಡಿಸ್ಕಿಗೆ ಪ್ರತಿ ಮಾಡಿ, ತಂತಿ ಕಳಚಿ, ಕಪಾಟಿನಲ್ಲಿಡುವುದು ಎಲ್ಲಕ್ಕಿಂತ ನೆಚ್ಚಬಹುದಾದ ಉಪಾಯ.

ಮನೆಯ ಹೊರಗಿನ ಪ್ರತಿ

ಚಾವಡಿಯೂ ಉಪ್ಪರಿಗೆಯೂ ಒಂದೇ ಮಾಡಿನ ಕೆಳಗಿವೆ. ನಮ್ಮ ಕಡೆ ಮಳೆಗಾಲದ ಮೊದಲೂ ಕೊನೆಯೂ ಸಿಡಿಲಿನ ಕಾಲ. ವಿದ್ಯುತ್ ತಂತಿಯಲ್ಲಿಯೂ ತಾಮ್ರದ ದೂರವಾಣಿ ತಂತಿಯಲ್ಲಿಯೂ ಬರುವ ಆಘಾತವು ಒಂದೇ ಕ್ಷಣದಲ್ಲಿ ಕ್ಲಯಂಟನ್ನೂ ಸರ್ವರನ್ನೂ ಸುಡಬಲ್ಲುದು. ಗಾಜಿನ ಎಳೆಯಾದ ಫೈಬರು ವಿದ್ಯುತ್ತನ್ನು ಒಯ್ಯದು. ಆದರೆ ರೂಟರಿನಿಂದ ಗಣಕಕ್ಕೆ ಬರುವ ತಂತಿಯು ಒಯ್ಯುತ್ತದೆ. ಗುಡುಗು ಕೇಳಿದೊಡನೆ ಪ್ಲಗ್ಗನ್ನು ಕಳಚುವವರು ಜಾಲದ ತಂತಿಯನ್ನು ಮರೆಯುವುದುಂಟು, ಎರಡನ್ನೂ ಕಳಚಬೇಕು. ಕರೆಂಟು ಹೋಗಿಬಂದು ಮಾಡುವ ಊರುಗಳಲ್ಲಿ ಸರ್ವರಿಗೆ ಒಂದು ಯು.ಪಿ.ಎಸ್. ಅವಶ್ಯ, ಬರೆಯುತ್ತಿರುವಾಗ ಕರೆಂಟು ಹೋದರೆ ನಕಲೇ ಕೆಡಬಹುದು. ಕಳ್ಳತನ, ಬೆಂಕಿ, ನೆರೆಗಳಿಗಂತೂ ಕೋಣೆಯ ಭೇದವಿಲ್ಲ.

ದೊಡ್ಡ ಸಂಸ್ಥೆಗಳೂ ಈ ಪಾಠವನ್ನು ಕಷ್ಟದಿಂದಲೇ ಕಲಿತಿವೆ. ೨೦೨೧ರ ಮಾರ್ಚಿ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪೆನಿಯ ದತ್ತಾಂಶಭವನವು ಸುಟ್ಟುಹೋಯಿತು. ಮೂಲವನ್ನೂ ನಕಲನ್ನೂ ಅಲ್ಲಿಯೇ ಇರಿಸಿದ್ದ ಗಿರಾಕಿಗಳು ಎರಡನ್ನೂ ಕಳೆದುಕೊಂಡರು. ೨೦೨೫ರ ಸೆಪ್ಟೆಂಬರ್ ೨೬ರಂದು ದಕ್ಷಿಣ ಕೊರಿಯದ ಡೇಜಾನಿನ ಸರಕಾರೀ ದತ್ತಾಂಶಕೇಂದ್ರದಲ್ಲಿ ಬೆಂಕಿಬಿದ್ದಾಗ, ಸರಕಾರೀ ನೌಕರರು ತಮ್ಮ ಕಡತಗಳನ್ನು ಇರಿಸುತ್ತಿದ್ದ ೮೫೮ ಟೆರಾಬೈಟಿನ ಸಂಗ್ರಹವು ನಾಶವಾಯಿತು. ವಿಷಯವು ತೀರ ದೊಡ್ಡದೆಂದು ಹೊರಗೆ ಅದರ ಪ್ರತಿಯನ್ನೇ ಇರಿಸಿರಲಿಲ್ಲ.

ನಮ್ಮ ಸೀಮೆಯ ಗೃಹಸ್ಥರಿಗೆ ಇಲ್ಲಿ ಒಂದು ಅನುಕೂಲವಿದೆ. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿರುವ ಮನೆಗಳು ಇಲ್ಲಿ ಬಹಳ. ಹೆತ್ತವರ ಮನೆಯ ಪ್ರತಿಯು ಮಕ್ಕಳ ಮನೆಯಲ್ಲಿಯೂ, ಮಕ್ಕಳ ಮನೆಯ ಪ್ರತಿಯು ಹೆತ್ತವರಲ್ಲಿಯೂ ಇರಲಿ. ನಮ್ಮ ಮನೆಯಲ್ಲಿ ಹೀಗೆಯೇ ಏರ್ಪಡಿಸಿಕೊಂಡಿದ್ದೇವೆ. ಬೆಂಗಳೂರಿನ ಮಗಳು ರಜೆಗೆ ಬಂದಾಗ ಒಂದು ಡಿಸ್ಕನ್ನು ತಂದು, ಇಲ್ಲಿಯದನ್ನು ಒಯ್ಯುತ್ತಾಳೆ. ಇಂಟರ್ನೆಟ್ಟಿನಲ್ಲಿಯೇ ಕಳುಹಿಸಬಯಸುವವರು ಲೆಕ್ಕ ಹಾಕಿಕೊಳ್ಳಲಿ: ಮೇಲೇರುವ ವೇಗವು ಸೆಕೆಂಡಿಗೆ ೧೦ ಮೆಗಾಬಿಟ್ಟಾದರೆ ೨೦೦ ಗಿಗಾಬೈಟಿಗೆ ಸುಮಾರು ೪೪ ಗಂಟೆ ಬೇಕು. ಮೊದಲ ಪ್ರತಿಯನ್ನು ಕೈಯಲ್ಲಿ ಒಯ್ದು, ಅನಂತರದ ಬದಲಾವಣೆಗಳನ್ನು ಮಾತ್ರ ಜಾಲದಲ್ಲಿ ಕಳುಹಿಸುವುದು ಜಾಣತನ. ಹೊರಗೆ ಹೋಗುವ ಪ್ರತಿಗೆ ಗೂಢಲಿಪಿಯ ಬೀಗವಿರಬೇಕು. ಆ ಬೀಗದ ಮಾತನ್ನು ಕಾಗದದಲ್ಲಿ ಬರೆದು ಮರದ ಪೆಟ್ಟಿಗೆಯಲ್ಲಿಟ್ಟು, ಮನೆಯ ಇನ್ನೊಬ್ಬರಿಗೆ ತಿಳಿಸಿರಬೇಕು. ಯಜಮಾನನೊಬ್ಬನೇ ಬಲ್ಲ ಪಾಸ್‌ವರ್ಡು ಯಜಮಾನನೊಡನೆಯೇ ಹೋಗುತ್ತದೆ.

ಮರಳಿ ಪಡೆಯುವ ಅಭ್ಯಾಸ

ಇನ್ನು ಉಳಿದುದು ಒಂದು, ಮುಖ್ಯವಾದುದೂ ಅದೇ. ೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯು ‘ಟಾಯ್ ಸ್ಟೋರಿ ೨’ ಎಂಬ ಮಕ್ಕಳ ಚಿತ್ರವನ್ನು ತಯಾರಿಸುತ್ತಿದ್ದಾಗ, ಯಾರೋ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಬಹುಭಾಗವು ಅಳಿದುಹೋಯಿತು. ಬ್ಯಾಕಪ್ಪು ಇದೆಯೆಂದು ಎಲ್ಲರೂ ಧೈರ್ಯದಿಂದಿದ್ದರು. ತೆರೆದು ನೋಡಿದರೆ ಅದು ಹಲವು ದಿನಗಳಿಂದ ಸರಿಯಾಗಿ ಬರೆಯುತ್ತಲೇ ಇರಲಿಲ್ಲ, ಯಾರೂ ಪರೀಕ್ಷಿಸಿರಲಿಲ್ಲ. ಗ್ಯಾಲಿನ್ ಸಸ್ಮನ್ ಎಂಬ ಅಧಿಕಾರಿಣಿಯು ಬಾಣಂತಿಯಾಗಿದ್ದುದರಿಂದ ಮನೆಯಲ್ಲಿ ಕೆಲಸ ಮಾಡಲೆಂದು ಚಿತ್ರದ ಪ್ರತಿಯನ್ನು ತನ್ನ ಗಣಕದಲ್ಲಿ ಇಟ್ಟುಕೊಂಡಿದ್ದರು. ಆ ಗಣಕವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದು ಚಿತ್ರವನ್ನು ಉಳಿಸಿಕೊಂಡರು. ನೆಚ್ಚಿದ ಬ್ಯಾಕಪ್ಪು ಕೈಕೊಟ್ಟಿತು, ಹೊರಗಿನ ಮನೆಯ ಪ್ರತಿ ಕಾಪಾಡಿತು.

ವೇದಪಾಠದಲ್ಲಿ ಕ್ರಮ, ಜಟಾ, ಘನಗಳೆಂದು ಪದಗಳನ್ನು ಹಿಂದುಮುಂದಾಗಿ ಜೋಡಿಸಿ ಹೇಳುವ ವಿಧಾನಗಳುಂಟು. ಒಂದು ಅಕ್ಷರವೋ ಸ್ವರವೋ ತಪ್ಪಿದರೆ ಅಲ್ಲಿಯೇ ಗೊತ್ತಾಗಲೆಂಬುದು ಇವುಗಳ ಒಂದು ಪ್ರಯೋಜನ. ಬ್ಯಾಕಪ್ಪು ತಂತ್ರಾಂಶಗಳಲ್ಲಿಯೂ ಮೂಲ ನಕಲುಗಳ ಅಂಕೆಯನ್ನು ಗುಣಿಸಿ ತಾಳೆನೋಡುವ ಚೆಕ್‌ಸಮ್ ಎಂಬ ಉಪಾಯವಿದೆ. ಅದನ್ನು ಚಾಲೂ ಇಡಬೇಕು. ಆದರೂ ಯಂತ್ರದ ಸಾಕ್ಷಿಯ ಮೇಲೆ ಕಣ್ಣಿನ ಸಾಕ್ಷಿಯೂ ಬೇಕು. ತಿಂಗಳಿಗೊಂದು ದಿನ, ಹುಣ್ಣಿಮೆಯೋ ಸಂಕ್ರಮಣವೋ ನೆನಪಿರುವ ಒಂದು ದಿನ, ನಕಲಿನಿಂದ ಒಂದು ಭಾವಚಿತ್ರ, ಒಂದು ಪತ್ರ, ಒಂದು ಹಾಡು, ಇಷ್ಟನ್ನು ಬೇರೊಂದು ಫೋಲ್ಡರಿಗೆ ಮರಳಿ ತಂದು ತೆರೆಯಬೇಕು. ಚಿತ್ರವು ಕಂಡರೆ, ಕನ್ನಡವು ಕನ್ನಡವಾಗಿಯೇ ತೋರಿದರೆ, ಧ್ವನಿಯು ಕೇಳಿಸಿದರೆ ಏರ್ಪಾಡು ಸರಿಯಿದೆ. ಈ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಬಹುದು. ಅವರಿಗೆ ಆಟವೂ ಆಗುವುದು, ಅಜ್ಜಿಯ ಹಾಡಿನ ಪರಿಚಯವೂ ಆಗುವುದು.

ಇಷ್ಟಕ್ಕೆಲ್ಲ ಖರ್ಚು ಎಷ್ಟೆಂದು ಗೃಹಿಣಿಯರು ಕೇಳುವುದು ನ್ಯಾಯವೇ. ಹಳೆಯ ಗಣಕವಿದ್ದರೆ ಎರಡು ಡಿಸ್ಕುಗಳ ಕ್ರಯ, ಒಂದು ರಜಾದಿನದ ಶ್ರಮ, ತಿಂಗಳಿಗೆ ಕಾಲು ಗಂಟೆ. ಎಲ್ಲವನ್ನೂ ಒಮ್ಮೆಗೇ ಮಾಡಲಾಗದವರು ಈ ವಾರ ಒಂದು ಡಿಸ್ಕಿಗೆ ಮುಖ್ಯವಾದವುಗಳನ್ನು ನಕಲು ಮಾಡಿ ನಂಬುಗೆಯ ನೆಂಟರ ಮನೆಯಲ್ಲಿಟ್ಟು ಬರಲಿ; ಜಾಲದ ಏರ್ಪಾಡನ್ನು ಮುಂದಿನ ತಿಂಗಳು ಮಾಡಿಕೊಳ್ಳಲಿ. ಸಾವಿರ ಪ್ರತಿಗಳನ್ನು ಮಾಡಿಸುವ ಅತ್ತಿಮಬ್ಬೆಯ ಐಶ್ವರ್ಯವು ನಮಗಿಲ್ಲ. ಮೂರು ಪ್ರತಿಗಳನ್ನು ಮಾಡುವ ಶಕ್ತಿಯು ಎಲ್ಲ ಮನೆಗೂ ಇದೆ. ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚನ್ನು ಸರಿಪಡಿಸಿಕೊಳ್ಳುವ ವಾಡಿಕೆಯುಳ್ಳ ಗೃಹಸ್ಥರು ಅದೇ ವಾರದಲ್ಲಿ ಈ ಕೆಲಸವನ್ನೂ ಮುಗಿಸಿಕೊಂಡರೆ ಆಷಾಢದ ರಾತ್ರಿಗಳಲ್ಲಿ ನಿಶ್ಚಿಂತರಾಗಿರಬಹುದು.